ಬಂದೂಕಿನ ಕ್ಲಬ್ಬಿನಲ್ಲಿ ಅನುಮಾನ ಮೂಡಿದಾಗ

1991ರ ನವೆಂಬರ್‌ನಲ್ಲಿ ಸೆಂಟ್ರಲ್ ಸ್ಕಾಟ್ಲೆಂಡ್ ಪೊಲೀಸ್ ಪಡೆಯ ಡಿಟೆಕ್ಟಿವ್ ಸಾರ್ಜೆಂಟ್ ಒಬ್ಬರು ಮೇಲಧಿಕಾರಿಗಳಿಗೆ ಒಂದು ಟಿಪ್ಪಣಿ ಕಳಿಸಿದರು. ಹುಡುಗರ ಶಿಬಿರ ನಡೆಸುತ್ತಿದ್ದ ಒಬ್ಬನ ಮೇಲೆ ಬಂದ ದೂರುಗಳನ್ನು ಅವರು ವಿಚಾರಿಸಿದ್ದರು. ಆತನ ಸ್ವಭಾವ ಸ್ಥಿಮಿತದಲ್ಲಿಲ್ಲ, ಬಂದೂಕಿನ ಪರವಾನಗಿ ಹಿಂಪಡೆಯುವ ಬಗ್ಗೆ ಗಂಭೀರವಾಗಿ ಯೋಚಿಸಬೇಕು ಎಂಬುದು ಟಿಪ್ಪಣಿಯ ಸಾರ. ಉಪ ಮುಖ್ಯಸ್ಥರ ಮೇಜಿನವರೆಗೆ ಹೋದ ಆ ಹಾಳೆ, ಕ್ರಮ ಬೇಡವೆಂಬ ತೀರ್ಮಾನದೊಂದಿಗೆ ಕಡತ ಸೇರಿತು. 1992ರಲ್ಲೂ 1995ರಲ್ಲೂ ಪರವಾನಗಿ ನವೀಕರಣವಾಯಿತು. 1996ರ ಮಾರ್ಚ್ 13ರ ಬೆಳಿಗ್ಗೆ ಅದೇ ವ್ಯಕ್ತಿ ನಾಲ್ಕು ಕೈಬಂದೂಕು ಹಿಡಿದು ಡನ್‌ಬ್ಲೇನ್ ಪ್ರಾಥಮಿಕ ಶಾಲೆಯ ಜಿಮ್ ಹಾಲಿಗೆ ನುಗ್ಗಿದ. ಐದಾರು ವರ್ಷದ 16 ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಕೊಂದು ತಾನೂ ಸತ್ತ. ನಾಲ್ಕೂ ಬಂದೂಕುಗಳಿಗೆ ಪರವಾನಗಿಯಿತ್ತು.

ಆತ ಪಿಸ್ತೂಲು ಕ್ಲಬ್ಬುಗಳಿಗೆ ಹೋಗಿಬರುತ್ತಿದ್ದವನು. ಗುರಿ ಅಭ್ಯಾಸವೇ ಅವನ ಪರವಾನಗಿಗೆ ಆಧಾರ. ಒಂಬತ್ತು ವರ್ಷ ಹಿಂದೆ, 1987ರ ಆಗಸ್ಟ್ 19ರಂದು, ಇಂಗ್ಲೆಂಡಿನ ಹಂಗರ್‌ಫರ್ಡ್‌ನಲ್ಲಿ 16 ಜನರನ್ನು ಕೊಂದವನೂ ರೈಫಲ್ ಕ್ಲಬ್ಬಿನ ಸದಸ್ಯನೇ ಆಗಿದ್ದ. ಈ ಎರಡು ಘಟನೆಗಳ ನಂತರ ಬ್ರಿಟನ್ ಕೇಳಿಕೊಂಡ ಪ್ರಶ್ನೆ ಸರಳ. ಬಂದೂಕು ಹಿಡಿದವನನ್ನು ವಾರ ವಾರ ಹತ್ತಿರದಿಂದ ನೋಡುವವರು ಕ್ಲಬ್ಬಿನವರು. ಅವರಿಗೆ ಏನೋ ಸರಿಯಿಲ್ಲ ಅನ್ನಿಸಿದರೆ ಅದು ಪೊಲೀಸರಿಗೆ ತಲುಪುವುದು ಹೇಗೆ? ಈ ಪ್ರಶ್ನೆಗೆ ಅಲ್ಲಿನ ಕಾನೂನು ಕೊಟ್ಟಿರುವ ಉತ್ತರ, ಆ ಉತ್ತರದಲ್ಲಿ ಉಳಿದಿರುವ ಬಿರುಕು ಎರಡೂ ತಿಳಿಯಬೇಕಾದಂಥವು.

ಕ್ಲಬ್ ಕಾಣುವುದು, ಪೊಲೀಸ್ ಕಾಣುವುದು

ಬ್ರಿಟನ್ನಿನಲ್ಲಿ ಬಂದೂಕಿನ ಪರವಾನಗಿ ಐದು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಆಗ ಪೊಲೀಸರು ಅರ್ಜಿದಾರನ ಹಿನ್ನೆಲೆ ನೋಡುತ್ತಾರೆ, ವೈದ್ಯರಿಂದ ಮಾಹಿತಿ ಪಡೆಯುತ್ತಾರೆ, ಬಂದೂಕಿನ ಕಬ್ಬಿಣದ ಪೆಟ್ಟಿಗೆ ಪರೀಕ್ಷಿಸುತ್ತಾರೆ. ಆಮೇಲೆ ಏನಾದರೂ ಪ್ರಕರಣ ದಾಖಲಾಗುವವರೆಗೆ, ಇಲ್ಲವೇ ಯಾರಾದರೂ ಹೇಳುವವರೆಗೆ, ಆ ಮನೆಯೊಳಗೆ ಏನಾಗುತ್ತಿದೆ ಎಂಬುದು ಅವರಿಗೆ ಗೊತ್ತಾಗುವ ದಾರಿ ಕಡಿಮೆ. ಐದು ವರ್ಷದಲ್ಲಿ ಮನುಷ್ಯನ ಬದುಕು ಎಷ್ಟೋ ಬದಲಾಗುತ್ತದೆ. ಕೆಲಸ ಹೋಗಬಹುದು, ಸಂಸಾರ ಮುರಿಯಬಹುದು, ಕುಡಿತ ಹತ್ತಬಹುದು, ಯಾವುದೋ ದ್ವೇಷದ ಸಿದ್ಧಾಂತ ತಲೆಗೇರಬಹುದು.

ಈ ಬದಲಾವಣೆ ಕ್ಲಬ್ಬಿನವರ ಕಣ್ಣಿಗೆ ಬೀಳುತ್ತದೆ. ಸದಾ ಶಿಸ್ತಿನಿಂದ ಇರುತ್ತಿದ್ದವನು ರೇಂಜ್ ಅಧಿಕಾರಿಯ ಮಾತಿಗೆ ಸಿಡುಕುತ್ತಾನೆ. ಬಾಯಿಂದ ಮದ್ಯದ ವಾಸನೆ ಬರುತ್ತದೆ. ಚಹಾ ಕುಡಿಯುವಾಗ ಹೆಂಡತಿಯ ಬಗ್ಗೆಯೋ ಹಳೆಯ ಮಾಲೀಕನ ಬಗ್ಗೆಯೋ ಆಡುವ ಮಾತಿಗೆ ಬೇರೆಯೇ ಕಾವು ಬಂದಿರುತ್ತದೆ. ಆದರೆ ಕ್ಲಬ್ಬಿನವರಿಗೆ ಕಾಣದ ಸಂಗತಿಗಳೂ ಇವೆ. ಕಳೆದ ತಿಂಗಳು ಅವನ ಮನೆಗೆ ಪೊಲೀಸರು ಹೋಗಿದ್ದರೇ, ಹೆಂಡತಿ ದೂರು ಕೊಟ್ಟಿದ್ದಳೇ, ವೈದ್ಯರು ಏನು ಬರೆದಿದ್ದಾರೆ, ಇವೆಲ್ಲ ಪೊಲೀಸ್ ಕಡತದಲ್ಲಿ ಮಾತ್ರ ಇರುತ್ತವೆ. ಎರಡು ಅರ್ಧ ಚಿತ್ರಗಳು ಒಂದೆಡೆ ಸೇರಿದಾಗಲೇ ಪೂರ್ತಿ ಚಿತ್ರ. ಕ್ಲಬ್ಬಿನಿಂದ ಹೋಗುವ ಮಾಹಿತಿಯ ಬೆಲೆ ಇರುವುದು ಇಲ್ಲಿ. ಕ್ಲಬ್ಬಿಗೆ ತೀರಾ ಸಣ್ಣದೆಂದು ತೋರಿದ ಒಂದು ಮಾತು, ಪೊಲೀಸರ ಬಳಿ ಮೊದಲೇ ಇದ್ದ ಎರಡು ಸಂಗತಿಗಳ ಪಕ್ಕ ಕೂತಾಗ ದೊಡ್ಡದಾಗಬಹುದು.

ನಿಯಮ ಏನು ಹೇಳುತ್ತದೆ

ಡನ್‌ಬ್ಲೇನ್ ಹತ್ಯಾಕಾಂಡದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಲಾರ್ಡ್ ಕಲನ್ ಅವರ ವರದಿ 1996ರ ಅಕ್ಟೋಬರ್‌ನಲ್ಲಿ ಹೊರಬಂತು. ಮರುವರ್ಷವೇ ಎರಡು ತಿದ್ದುಪಡಿ ಕಾಯ್ದೆಗಳು ಬಂದು, ಖಾಸಗಿ ವ್ಯಕ್ತಿಗಳು ಕೈಬಂದೂಕು ಇಟ್ಟುಕೊಳ್ಳುವುದಕ್ಕೆ ಬ್ರಿಟನ್ನಿನ ನೆಲದಲ್ಲಿ ಬಹುಪಾಲು ನಿಷೇಧ ಬಿತ್ತು. ಸುದ್ದಿಯಾದದ್ದು ಆ ನಿಷೇಧ. ಅದರ ನೆರಳಿನಲ್ಲಿ ಸದ್ದಿಲ್ಲದೆ ಆದ ಇನ್ನೊಂದು ಬದಲಾವಣೆ, ಕ್ಲಬ್ಬುಗಳ ಹೊಣೆಗಾರಿಕೆಯದು.

ರೈಫಲ್ ಕ್ಲಬ್ಬೊಂದು ಸರ್ಕಾರದ ಮಾನ್ಯತೆ ಪಡೆಯಲು 1988ರ ಬಂದೂಕು ತಿದ್ದುಪಡಿ ಕಾಯ್ದೆಯ 15ನೇ ಸೆಕ್ಷನ್ ಆಧಾರ. ಮಾನ್ಯತೆಯ ಅವಧಿ ಆರು ವರ್ಷ. ಅದಕ್ಕೆ ಗೃಹ ಇಲಾಖೆ ಹಾಕಿರುವ ಷರತ್ತುಗಳ ಪಟ್ಟಿ ಉದ್ದವಿದೆ, ಅದರಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದವು ಕೆಲವು. ಪೊಲೀಸರೊಂದಿಗೆ ಸಂಪರ್ಕ ಇಟ್ಟುಕೊಳ್ಳಲು ಕ್ಲಬ್ ಒಬ್ಬ ಸದಸ್ಯನನ್ನು ನೇಮಿಸಬೇಕು. ಯಾರು ಯಾವ ದಿನ ಬಂದರು, ಯಾವ ಬಂದೂಕು ಬಳಸಿದರು ಎಂಬ ಹಾಜರಿ ಪುಸ್ತಕ ಇಡಬೇಕು. ಹೊಸಬರು ಸದಸ್ಯತ್ವ ಕೇಳಿ ಬಂದರೆ ಅವರ ಹೆಸರು, ವಿಳಾಸವನ್ನು ಪೊಲೀಸರಿಗೆ ತಿಳಿಸಬೇಕು. ಅರ್ಜಿ ಏನಾಯಿತು ಎಂಬುದನ್ನೂ ಹೇಳಬೇಕು. ಪರವಾನಗಿ ಇರುವ ಸದಸ್ಯ ಯಾವುದೇ ಕಾರಣಕ್ಕೆ ಕ್ಲಬ್ ಬಿಟ್ಟರೆ, ಇಲ್ಲವೇ 12 ತಿಂಗಳು ಗುರಿ ಅಭ್ಯಾಸಕ್ಕೆ ಬಾರದಿದ್ದರೆ ಅದೂ ಪೊಲೀಸರಿಗೆ ಗೊತ್ತಾಗಬೇಕು. ಹೊಸ ಸದಸ್ಯರಿಗೆ ಕನಿಷ್ಠ ಮೂರು ತಿಂಗಳ ಪರೀಕ್ಷಾ ಅವಧಿ ಕಡ್ಡಾಯ.

ಅರ್ಜಿಯ ಫಲಿತಾಂಶವನ್ನೂ ಹೇಳಬೇಕೆಂಬ ಷರತ್ತಿನ ಹಿಂದೆ ಒಂದು ಲೆಕ್ಕಾಚಾರವಿದೆ. ಒಂದು ಕ್ಲಬ್ ಬೇಡವೆಂದವನು ಇಪ್ಪತ್ತು ಮೈಲಿ ಆಚೆಯ ಇನ್ನೊಂದು ಕ್ಲಬ್ಬಿನ ಬಾಗಿಲು ತಟ್ಟುತ್ತಾನೆ. ಎರಡನೆಯವರಿಗೆ ಮೊದಲನೆಯವರ ಅನುಭವ ಗೊತ್ತಿರುವುದಿಲ್ಲ. ಎಲ್ಲ ಕ್ಲಬ್ಬುಗಳ ಮಾಹಿತಿ ಕೂಡುವ ಒಂದೇ ಜಾಗ ಪೊಲೀಸ್ ಪರವಾನಗಿ ವಿಭಾಗ. ಇನ್ನೊಂದು ಸೂಕ್ಷ್ಮವೂ ಇದೆ. ಮಾನ್ಯತೆ ಪಡೆದ ಕ್ಲಬ್ಬಿನ ಸದಸ್ಯ ಸ್ವಂತ ಪರವಾನಗಿ ಇಲ್ಲದೆಯೂ ಕ್ಲಬ್ಬಿನ ಬಂದೂಕಿನಲ್ಲಿ ಅಭ್ಯಾಸ ಮಾಡಬಹುದು. ಅಂಥವನ ಬಗ್ಗೆ ಕ್ಲಬ್ ಕಳಿಸಿದ ಹೆಸರು, ವಿಳಾಸ ಬಿಟ್ಟರೆ ಪರವಾನಗಿ ವಿಭಾಗದಲ್ಲಿ ಪರವಾನಗಿಯ ಕಡತ ಇರುವುದಿಲ್ಲ. ಅವನ ವಿಷಯದಲ್ಲಿ ಕ್ಲಬ್ಬಿನ ಕಣ್ಣೇ ಮುಖ್ಯ ಕಾವಲು.

ಇಷ್ಟೆಲ್ಲ ಇದ್ದರೂ ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಇವೆಲ್ಲ ಲೆಕ್ಕಪತ್ರದ ಸಂಗತಿಗಳು: ಬಂದ, ಹೋದ, ಬರಲಿಲ್ಲ. ತಪ್ಪದೆ ಬರುತ್ತಲೇ ಇರುವ, ಚಂದಾ ಕಟ್ಟುತ್ತಲೇ ಇರುವ, ಆದರೆ ನಡವಳಿಕೆಯಲ್ಲಿ ಬದಲಾದ ಸದಸ್ಯ ಈ ಯಾವ ಅಂಕಣಕ್ಕೂ ಬೀಳುವುದಿಲ್ಲ. ಅವನ ಬಗ್ಗೆ ಹೇಳಬೇಕೆ ಬೇಡವೆ ಎಂಬುದು ಕ್ಲಬ್ಬಿನವರ ವಿವೇಕಕ್ಕೆ ಬಿಟ್ಟ ಮಾತು. ಮಣ್ಣಿನ ತಟ್ಟೆ ಹಾರಿಸಿ ಶಾಟ್‌ಗನ್‌ನಿಂದ ಹೊಡೆಯುವ ಕ್ಲೇ ಶೂಟಿಂಗ್ ಮೈದಾನಗಳಿಗಂತೂ ರೈಫಲ್ ಕ್ಲಬ್ಬುಗಳಂತೆ ಗೃಹ ಇಲಾಖೆಯ ಮಾನ್ಯತೆ ಪಡೆಯಬೇಕಾದ ಕಟ್ಟುಪಾಡಿಲ್ಲ. ಅಲ್ಲಿ ವಿವೇಕದ ಪಾಲು ಇನ್ನೂ ಹೆಚ್ಚು.

ಬಾಯಿ ಕಟ್ಟುವ ಮೂರು ಭಯಗಳು

ಅನುಮಾನ ಬಂದವರೆಲ್ಲ ಹೇಳುವುದಿಲ್ಲ. ಅದಕ್ಕೆ ಕಾರಣಗಳೂ ಇಲ್ಲದಿಲ್ಲ. ಮೊದಲನೆಯದು ಸ್ನೇಹ. ಹತ್ತು ವರ್ಷ ಪಕ್ಕದ ಸಾಲಿನಲ್ಲಿ ನಿಂತು ಗುಂಡು ಹೊಡೆದವನ ಮೇಲೆ ಪೊಲೀಸರಿಗೆ ಹೇಳುವುದು ಚಾಡಿ ಹೇಳಿದ ಹಾಗೆ ಅನ್ನಿಸುತ್ತದೆ. ಪರವಾನಗಿ ಹೋದರೆ ಅವನ ಹವ್ಯಾಸವೇ ಹೋಗುತ್ತದೆ. ಬೇಟೆಯ ಪ್ರಾಣಿಗಳನ್ನು ಕಾಯುವ ಕೆಲಸದವನಾಗಿದ್ದರೆ ಹೊಟ್ಟೆಪಾಡೂ ಹೋಗುತ್ತದೆ. ಎರಡನೆಯದು ಕೋರ್ಟು ಕಚೇರಿಯ ಅಂಜಿಕೆ: ನಾಳೆ ಮಾನನಷ್ಟದ ದಾವೆ ಹೂಡಿದರೆ ಗತಿಯೇನು, ಸದಸ್ಯನ ಖಾಸಗಿ ವಿಷಯ ಹೊರಗೆ ಹೇಳಿದ್ದಕ್ಕೆ ದತ್ತಾಂಶ ರಕ್ಷಣೆಯ ಕಾನೂನು ಕುತ್ತಿಗೆಗೆ ಬಂದರೆ? ಮೂರನೆಯದು ಮನುಷ್ಯಸಹಜ ಹಿಂಜರಿಕೆ. ನನಗನ್ನಿಸಿದ್ದು ತಪ್ಪೇ ಇರಬಹುದು, ಇಲ್ಲದ ಉಸಾಬರಿ ನನಗೇಕೆ ಎಂದು ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತಾರೆ.

ಎರಡನೆಯ ಭಯಕ್ಕೆ ಕಾನೂನಿನಲ್ಲೇ ಸಮಾಧಾನವಿದೆ. ಬ್ರಿಟನ್ನಿನ 2018ರ ದತ್ತಾಂಶ ರಕ್ಷಣಾ ಕಾಯ್ದೆ ಅಪರಾಧ ತಡೆಗಾಗಿ ಪೊಲೀಸರಿಗೆ ಮಾಹಿತಿ ಕೊಡುವುದಕ್ಕೆ ವಿನಾಯಿತಿ ಇಟ್ಟಿದೆ. ಅಪಾಯದಲ್ಲಿರುವ ವ್ಯಕ್ತಿಯ ರಕ್ಷಣೆಗಾಗಿ ಆರೋಗ್ಯದಂಥ ಸೂಕ್ಷ್ಮ ಮಾಹಿತಿ ಹಂಚಿಕೊಳ್ಳಲೂ ಅದರಲ್ಲಿ ಅವಕಾಶವಿದೆ. ಮಾನನಷ್ಟದ ವಿಷಯದಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2008ರ ಒಂದು ತೀರ್ಪಿನಲ್ಲಿ, ಪೊಲೀಸರಿಗೆ ಕೊಟ್ಟ ದೂರಿನ ಹೇಳಿಕೆಯನ್ನೇ ಮುಂದಿಟ್ಟುಕೊಂಡು ಮಾನನಷ್ಟದ ದಾವೆ ಹೂಡಲು ಬರುವುದಿಲ್ಲ ಎಂದಿದೆ. ಈ ರಕ್ಷಣೆ ಇರುವುದು ಪೊಲೀಸರಿಗೆ ಹೇಳಿದ ಮಾತಿಗೆ. ಅದೇ ಮಾತನ್ನು ಕ್ಲಬ್ಬಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಡಿದರೆ ಅದು ಸಿಗದು. ಗೊತ್ತಿದ್ದೂ ಸುಳ್ಳು ಹೇಳಿ ಪೊಲೀಸರನ್ನು ಓಡಾಡಿಸಿದರೆ ಅದು ಪೊಲೀಸರ ಸಮಯ ವ್ಯರ್ಥ ಮಾಡಿದ ಅಪರಾಧ. ಕಾನೂನು ಕೇಳುವುದು ಮಾತು ಕೊನೆಗೆ ನಿಜವಾಗಬೇಕೆಂದಲ್ಲ, ಹೇಳುವವನ ಮನಸ್ಸು ಶುದ್ಧವಾಗಿರಬೇಕೆಂದು.

ಮೊದಲನೆಯ ಮತ್ತು ಮೂರನೆಯ ಭಯಕ್ಕೆ ಔಷಧಿ ಒಂದೇ: ಮಾಹಿತಿ ಕೊಡುವುದೆಂದರೆ ತೀರ್ಪು ಕೊಡುವುದೆಂದು ತಿಳಿಯದಿರುವುದು. ಪರವಾನಗಿ ತೆಗೆಯುವ ಅಧಿಕಾರ ಕ್ಲಬ್ಬಿಗಿಲ್ಲ. ಆ ಅಧಿಕಾರ ಪೊಲೀಸ್ ಮುಖ್ಯಸ್ಥರದು. ಅವರ ತೀರ್ಮಾನದ ವಿರುದ್ಧ ಇಂಗ್ಲೆಂಡಿನಲ್ಲಿ ಕ್ರೌನ್ ಕೋರ್ಟಿಗೆ, ಸ್ಕಾಟ್ಲೆಂಡಿನಲ್ಲಿ ಶೆರಿಫ್ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದು. ಹೇಳಿದವನು ತಪ್ಪಾಗಿ ತಿಳಿದಿದ್ದರೆ ಸರಿಪಡಿಸಲು ಮುಂದೆ ಹಲವು ಮೆಟ್ಟಿಲುಗಳಿವೆ. ಹೇಳದೇ ಉಳಿದರೆ ಸರಿಪಡಿಸಲು ಮೆಟ್ಟಿಲೇ ಇಲ್ಲ.

ಏನನ್ನು ಹೇಳಬೇಕು

ಎಲ್ಲ ವಿಚಿತ್ರ ಮನುಷ್ಯರೂ ಅಪಾಯಕಾರಿಗಳಲ್ಲ. ಮಾತು ಕಡಿಮೆ ಆಡುವವನು, ರಾಜಕೀಯದಲ್ಲಿ ನಮಗೆ ಒಗ್ಗದವನು, ಕ್ಲಬ್ಬಿನ ಚುನಾವಣೆಯಲ್ಲಿ ನಮ್ಮ ವಿರುದ್ಧ ನಿಂತವನು, ಇವರ ಮೇಲೆ ಪೊಲೀಸರಿಗೆ ಹೇಳುವಂಥದ್ದೇನೂ ಇಲ್ಲ. ನೋಡಬೇಕಾದದ್ದು ನಡವಳಿಕೆಯನ್ನು, ಅದರಲ್ಲೂ ಬದಲಾವಣೆಯನ್ನು. ಸಾಯುವ ಮಾತು, ಯಾರನ್ನೋ ಮುಗಿಸುತ್ತೇನೆಂಬ ಮಾತು, ಮನೆಯೊಳಗಿನ ಹೊಡೆತ ಬಡಿತದ ಸುಳಿವು, ಕುಡಿದು ಇಲ್ಲವೇ ಮಾದಕ ವಸ್ತು ಸೇವಿಸಿ ರೇಂಜಿಗೆ ಬರುವುದು, ಬಂದೂಕು ಗುಂಡುಗಳನ್ನು ಬೀಗ ಹಾಕದೆ ಇಟ್ಟಿರುವುದು, ಹಿಂದಿನ ಸಾಮೂಹಿಕ ಹತ್ಯೆಗಳ ಬಗ್ಗೆ ಮೆಚ್ಚುಗೆ, ಮನುಷ್ಯರ ಗುಂಪನ್ನೇ ಗುರಿಯಾಗಿ ಕಲ್ಪಿಸಿಕೊಂಡ ಅಭ್ಯಾಸ ಇವು ಹೇಳಲೇಬೇಕಾದವು. ಒಂದೊಂದೇ ನೋಡಿದರೆ ಚಿಕ್ಕದೆನಿಸಿದರೂ ಎರಡು ಮೂರು ಕೂಡಿ ಬಂದಾಗ ಕಾಯುತ್ತ ಕೂರುವಂತಿಲ್ಲ.

ಮನೆಯೊಳಗಿನ ಹಿಂಸೆಯ ಮಾತನ್ನು ಒತ್ತಿ ಹೇಳಬೇಕು. 2012ರ ಜನವರಿ 1ರಂದು ಇಂಗ್ಲೆಂಡಿನ ಹಾರ್ಡನ್ ಎಂಬ ಊರಿನಲ್ಲಿ ಒಬ್ಬ ತನ್ನ ಸಂಗಾತಿಯನ್ನೂ, ಆಕೆಯ ಅಕ್ಕತಂಗಿಯರ ಕುಟುಂಬದ ಇನ್ನಿಬ್ಬರು ಹೆಂಗಸರನ್ನೂ ಕೊಂದ. ಬಂದೂಕುಗಳಿಗೆ ಪರವಾನಗಿಯಿತ್ತು. 2008ರಲ್ಲಿ ಅವನ್ನು ಪೊಲೀಸರು ವಶಪಡಿಸಿಕೊಂಡು ಮತ್ತೆ ಅವನಿಗೇ ಕೊಟ್ಟಿದ್ದರು. ಶಾಲೆಯ ಮೇಲೆ, ಬೀದಿಯ ಮೇಲೆ ನಡೆಯುವ ದಾಳಿಗಳು ಜಗತ್ತಿನ ಗಮನ ಸೆಳೆಯುತ್ತವೆ. ಆದರೆ ಕಾನೂನುಬದ್ಧ ಬಂದೂಕು ಮನೆಯ ಗೋಡೆಗಳ ಒಳಗೇ ಹೆಂಡತಿಯ ಮೇಲೆ, ಮಕ್ಕಳ ಮೇಲೆ, ಕೊನೆಗೆ ತನ್ನ ಮೇಲೇ ತಿರುಗುವ ಅಪಾಯವನ್ನು ಕ್ಲಬ್ಬಿನವರು ಮೊದಲು ನೆನೆಯಬೇಕು. ಬಹಳ ಸಲ ಪೊಲೀಸರಿಗೆ ಕೊಡುವ ಮಾಹಿತಿಯಿಂದ ಉಳಿಯುವುದು ಆ ಸದಸ್ಯನ ಜೀವವೇ.

ಮಾನಸಿಕ ಕಾಯಿಲೆಯ ಬಗ್ಗೆಯೂ ಒಂದು ಮಾತು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆಂಬ ಒಂದೇ ಕಾರಣಕ್ಕೆ ಯಾರೂ ಅನರ್ಹರಾಗುವುದಿಲ್ಲ. ಬ್ರಿಟಿಷ್ ಸರ್ಕಾರದ ಮಾರ್ಗಸೂಚಿ ಹಲವು ಕಾಯಿಲೆಗಳನ್ನು ಹೆಸರಿಸಿ ವೈದ್ಯರ ಅಭಿಪ್ರಾಯ ಕೇಳುತ್ತದೆ, ಕಾಯಿಲೆ ಇದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಚಿಕಿತ್ಸೆ ಪಡೆಯುತ್ತಿರುವವನನ್ನು ಅಪರಾಧಿಯಂತೆ ನೋಡಿದರೆ ಮುಂದಿನವನು ವೈದ್ಯರ ಹತ್ತಿರವೇ ಹೋಗುವುದಿಲ್ಲ. ಅಲ್ಲಿಗೆ ಅಪಾಯ ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ಹೇಗೆ ಹೇಳಬೇಕು

ದಾರಿ ನಾಲ್ಕಿವೆ, ತುರ್ತಿಗೆ ತಕ್ಕಂತೆ. ಈಗಲೇ ಯಾರಿಗಾದರೂ ಪ್ರಾಣಭಯವಿದೆ ಎನಿಸಿದರೆ ತುರ್ತು ಕರೆಯ ಸಂಖ್ಯೆ 999. ಬಂದೂಕು ಇರುವ ವಿಷಯವನ್ನು ಮೊದಲ ವಾಕ್ಯದಲ್ಲೇ ಹೇಳಬೇಕು. ತುರ್ತಿಲ್ಲದಿದ್ದರೆ ಆ ಪ್ರದೇಶದ ಪೊಲೀಸ್ ಪಡೆಯ ಬಂದೂಕು ಪರವಾನಗಿ ವಿಭಾಗ. ಕ್ಲಬ್ಬಿನ ಸಂಪರ್ಕಾಧಿಕಾರಿಗೆ ಅಲ್ಲಿನ ಅಧಿಕಾರಿ ಮುಖಪರಿಚಯವಿರುತ್ತಾರೆ, ಹಾಗಾಗಿ ಇದೇ ಸಲೀಸಾದ ದಾರಿ. ಆ ವಿಭಾಗ ಸಿಗದಿದ್ದರೆ ಪೊಲೀಸರ ತುರ್ತಲ್ಲದ ಕರೆಗಳ ಸಂಖ್ಯೆ 101. ಹೆಸರು ಹೇಳಲು ಸಾಧ್ಯವೇ ಇಲ್ಲವೆನ್ನುವವರಿಗೆ ಕ್ರೈಮ್‌ಸ್ಟಾಪರ್ಸ್ ಎಂಬ ಸ್ವತಂತ್ರ ಸೇವಾಸಂಸ್ಥೆಯ 0800 555 111. ಅಲ್ಲಿ ಕರೆ ಮಾಡಿದವರ ಗುರುತು ಕೇಳುವುದಿಲ್ಲ.

ಅನಾಮಧೇಯವಾಗಿ ಹೇಳುವುದು ಏನೂ ಹೇಳದಿರುವುದಕ್ಕಿಂತ ಮೇಲು. ಆದರೆ ಅದರ ಮಿತಿ ಏನೆಂದು ಜರ್ಮನಿಯ ಹ್ಯಾಂಬರ್ಗ್ ನಗರ ತೋರಿಸಿದೆ. 2023ರ ಜನವರಿಯಲ್ಲಿ ಅಲ್ಲಿನ ಆಯುಧ ಪರವಾನಗಿ ಕಚೇರಿಗೆ ಹೆಸರಿಲ್ಲದ ಪತ್ರವೊಂದು ಬಂತು. ಕ್ರೀಡಾ ಶೂಟರ್ ಆಗಿ ಪಿಸ್ತೂಲು ಪಡೆದಿದ್ದ ಒಬ್ಬನಿಗೆ ಮಾನಸಿಕ ಕಾಯಿಲೆ ಇರಬಹುದು, ಧಾರ್ಮಿಕ ಪಂಗಡದವರ ಮೇಲೂ ಹಳೆಯ ಉದ್ಯೋಗದಾತರ ಮೇಲೂ ಅವನಿಗೆ ವಿಪರೀತ ಸಿಟ್ಟಿದೆ ಎಂದು ಅದರಲ್ಲಿತ್ತು. ಫೆಬ್ರವರಿ 7ರಂದು ಅಧಿಕಾರಿಗಳು ಮುನ್ಸೂಚನೆ ಕೊಡದೆ ಅವನ ಮನೆಗೆ ಹೋದರು. ಅವನು ಸಮಾಧಾನವಾಗಿ ಮಾತಾಡಿದ. ಪೆಟ್ಟಿಗೆಯ ಮೇಲೆ ಒಂದು ಗುಂಡು ಬಿದ್ದಿದ್ದು ಬಿಟ್ಟರೆ ಎಲ್ಲ ಸರಿಯಿತ್ತು. ಎಚ್ಚರಿಕೆ ಕೊಟ್ಟು ಹೊರಬಂದರು. ಮಾರ್ಚ್ 9ರ ರಾತ್ರಿ ಅವನು ಯೆಹೋವನ ಸಾಕ್ಷಿಗಳೆಂಬ ಪಂಗಡದ ಪ್ರಾರ್ಥನಾ ಮಂದಿರದಲ್ಲಿ ಆರು ಮಂದಿಯನ್ನೂ ಗರ್ಭದಲ್ಲಿದ್ದ ಒಂದು ಶಿಶುವನ್ನೂ ಕೊಂದ. ಪತ್ರ ಬರೆದವರು ಯಾರೆಂದು ಗೊತ್ತಿದ್ದರೆ ಅಧಿಕಾರಿಗಳು ಅವರನ್ನು ಇನ್ನಷ್ಟು ಕೇಳಬಹುದಿತ್ತು: ಇದು ನಿಮಗೆ ಹೇಗೆ ಗೊತ್ತು, ಯಾವಾಗ ಹೇಳಿದ, ಇನ್ನಾರು ಕೇಳಿಸಿಕೊಂಡರು? ಹೆಸರಿಲ್ಲದ ಪತ್ರಕ್ಕೆ ಮರುಪ್ರಶ್ನೆ ಹಾಕಲಾಗುವುದಿಲ್ಲ. ಅದಕ್ಕೇ ಸಾಧ್ಯವಾದರೆ ಹೆಸರು ಹೇಳಿಯೇ ಮಾಹಿತಿ ಕೊಡಬೇಕು, ಅದನ್ನು ಗೋಪ್ಯವಾಗಿ ಇಡಿ ಎಂದು ಕೇಳಿಕೊಳ್ಳಬೇಕು.

ಬರವಣಿಗೆಯಲ್ಲಿ ಇರಬೇಕಾದದ್ದು ಕಂಡದ್ದು, ಕೇಳಿದ್ದು. ‘ಅವನು ಹುಚ್ಚನಾಗಿದ್ದಾನೆ’ ಎಂದು ಬರೆದರೆ ಪೊಲೀಸರಿಗೆ ಉಪಯೋಗವಿಲ್ಲ. ಇಂಥ ದಿನ, ಇಷ್ಟು ಗಂಟೆಗೆ, ಇಂಥವರ ಎದುರಿಗೆ, ಈ ಮಾತು ಆಡಿದ ಎಂದು ಬರೆದರೆ ಉಪಯೋಗ. ಆಡಿದ ಮಾತನ್ನು ಆದಷ್ಟೂ ಅವನ ಪದಗಳಲ್ಲೇ ಬರೆಯಬೇಕು. ಸ್ವತಃ ಕಂಡದ್ದು ಯಾವುದು, ಇನ್ನೊಬ್ಬರು ಹೇಳಿದ್ದು ಯಾವುದು, ನಮ್ಮ ಊಹೆ ಯಾವುದು ಎಂದು ಬೇರೆ ಬೇರೆ ಮಾಡಬೇಕು. ಅವನ ಬಳಿ ಯಾವ ಬಂದೂಕುಗಳಿವೆ, ಮನೆಯಲ್ಲಿ ಯಾರಿದ್ದಾರೆ, ಈಗ ಎಲ್ಲಿರಬಹುದು ಎಂಬುದು ಗೊತ್ತಿದ್ದರೆ ಸೇರಿಸಬೇಕು. ಯಾವ ಅಧಿಕಾರಿಗೆ, ಯಾವಾಗ ಹೇಳಿದೆವು, ಉಲ್ಲೇಖ ಸಂಖ್ಯೆ ಯಾವುದು ಎಂಬುದನ್ನು ಕ್ಲಬ್ಬಿನ ಕಡೆಯಿಂದಲೂ ಬರೆದಿಟ್ಟುಕೊಳ್ಳಬೇಕು. ಆ ಹಾಳೆ ಬೀಗ ಹಾಕಿದ ಕಪಾಟಿನಲ್ಲಿರಲಿ, ಸೂಚನಾ ಫಲಕದ ಹತ್ತಿರವೂ ಸುಳಿಯದಿರಲಿ.

ಮಾಡಬಾರದ ಕೆಲಸಗಳೂ ಇವೆ. ಒಬ್ಬನೇ ಹೋಗಿ ಅವನನ್ನು ದಬಾಯಿಸಬಾರದು. ಪತ್ತೇದಾರಿಕೆ ಮಾಡುತ್ತ ಅವನ ಮನೆ ಸುತ್ತಬಾರದು. ಪೊಲೀಸರಿಗೆ ಹೇಳಿದ್ದೇವೆಂದು ಅವನಿಗೇ ಮುನ್ಸೂಚನೆ ಕೊಡಬಾರದು. ಸ್ನೇಹದಿಂದಲೇ ಆದರೂ ‘ನಿನ್ನ ಬಂದೂಕು ಸ್ವಲ್ಪ ದಿನ ನನ್ನ ಹತ್ತಿರ ಇರಲಿ’ ಎಂದು ಎತ್ತಿಕೊಂಡು ಬರುವುದೂ ತಪ್ಪಾಗಬಹುದು, ಏಕೆಂದರೆ ಆ ಆಯುಧಕ್ಕೆ ತಕ್ಕ ಪರವಾನಗಿ ಇಲ್ಲದವರು ಅದನ್ನು ಇಟ್ಟುಕೊಂಡರೆ ಅವರೇ ಅಪರಾಧಿಗಳಾಗುತ್ತಾರೆ. ಸದಸ್ಯನೇ ಕಷ್ಟ ಹೇಳಿಕೊಂಡು ಬಂದರೆ, ಪೊಲೀಸರಿಗೋ ನೋಂದಾಯಿತ ಬಂದೂಕು ವ್ಯಾಪಾರಿಗೋ ಸ್ವಇಚ್ಛೆಯಿಂದ ಆಯುಧ ಒಪ್ಪಿಸಲು ಹೇಳಿ ಜೊತೆಗೆ ನಿಲ್ಲಬೇಕು. ಮನಸ್ಸು ಕುಸಿದವರಿಗೆ ನೆರವಾಗುವ ಸಮರಿಟನ್ಸ್ ಸಹಾಯವಾಣಿಯ 116 123 ಸಂಖ್ಯೆ ಪ್ರತಿ ಕ್ಲಬ್ಬಿನ ಗೋಡೆಯ ಮೇಲೂ ಇರಬೇಕಾದದ್ದು. ಇನ್ನು ಕ್ಲಬ್ಬಿನ ಬಂದೂಕು ಅವನ ಕೈಗೆ ಸಿಗದಂತೆ ಮಾಡುವುದು, ತನ್ನ ನಿಯಮಾವಳಿಯ ಪ್ರಕಾರ ಸದಸ್ಯತ್ವ ಅಮಾನತಿನಲ್ಲಿಡುವುದು ಕ್ಲಬ್ಬಿನ ಕೈಯಲ್ಲೇ ಇದೆ. ಅದಕ್ಕೆ ಪೊಲೀಸರ ಉತ್ತರ ಕಾಯಬೇಕಿಲ್ಲ. ಆದರೆ ಸದಸ್ಯತ್ವದಿಂದ ತೆಗೆದುಹಾಕಿ ಕೈತೊಳೆದುಕೊಂಡರೆ ಅದು ಅರ್ಧ ಕೆಲಸ. ಅವನು ಕ್ಲಬ್ಬಿನಿಂದ ಹೊರಹೋಗುತ್ತಾನೆ, ಅವನ ಬಂದೂಕು ಅವನ ಮನೆಯಲ್ಲೇ ಇರುತ್ತದೆ.

ಕೇಳಿಸಿಕೊಳ್ಳುವವರ ಹೊಣೆ

ಮಾಹಿತಿ ತಲುಪಿದ ಮೇಲೆ ಪೊಲೀಸರು ತಮ್ಮ ದಾಖಲೆಗಳೊಂದಿಗೆ ಅದನ್ನು ತಾಳೆ ನೋಡುತ್ತಾರೆ. ವೈದ್ಯರನ್ನು ಕೇಳಬಹುದು, ಮನೆಗೆ ಹೋಗಬಹುದು, ಆಯುಧಗಳನ್ನು ತಾತ್ಕಾಲಿಕವಾಗಿ ಪಡೆಯಬಹುದು. ಅಪಾಯವಿದೆ ಎನಿಸಿದರೆ 1968ರ ಬಂದೂಕು ಕಾಯ್ದೆಯಡಿ ಪರವಾನಗಿ ರದ್ದು ಮಾಡಬಹುದು. ಕೊನೆಗೆ ಏನಾಯಿತೆಂದು ಮಾಹಿತಿ ಕೊಟ್ಟವರಿಗೆ ತಿಳಿಯದೆಯೂ ಹೋಗಬಹುದು, ಅದು ಆ ಸದಸ್ಯನ ಖಾಸಗಿ ವಿಷಯ. ಸುದ್ದಿ ಬರಲಿಲ್ಲವೆಂದು ಏನೂ ಆಗಲಿಲ್ಲ ಎಂದುಕೊಳ್ಳಬೇಕಿಲ್ಲ. ಹೊಸದೇನಾದರೂ ಕಂಡರೆ ಮತ್ತೆ ಹೇಳಬೇಕು.

ಆದರೆ ಹೇಳುವವರಷ್ಟೇ ಸರಿಯಿದ್ದರೆ ಸಾಲದು ಎಂಬುದಕ್ಕೆ ಪ್ಲಿಮತ್ ನಗರದ ಕೀಹ್ಯಾಮ್ ಬಡಾವಣೆ ಸಾಕ್ಷಿ. 2021ರ ಆಗಸ್ಟ್ 12ರಂದು 22 ವರ್ಷದ ಯುವಕನೊಬ್ಬ ಪರವಾನಗಿಯ ಶಾಟ್‌ಗನ್‌ನಿಂದ ತನ್ನ ತಾಯಿಯನ್ನೂ ಮೂರು ವರ್ಷದ ಮಗು ಸೇರಿ ಇನ್ನೂ ನಾಲ್ವರನ್ನೂ ಕೊಂದ. ಅದಕ್ಕೂ ಮುಂಚೆ ಪಾರ್ಕಿನಲ್ಲಿ ಇಬ್ಬರು ಹದಿಹರೆಯದವರ ಮೇಲೆ ಹಲ್ಲೆ ಮಾಡಿದ್ದಕ್ಕೆ 2020ರ ಡಿಸೆಂಬರ್‌ನಲ್ಲಿ ಅವನ ಬಂದೂಕನ್ನು ಪೊಲೀಸರು ಪಡೆದುಕೊಂಡಿದ್ದರು. 2021ರ ಜುಲೈನಲ್ಲಿ ಹಿಂದಿರುಗಿಸಿದರು. ಸಾವಿನ ವಿಚಾರಣೆ ನಡೆಸಿದ ಜ್ಯೂರಿ 2023ರ ಫೆಬ್ರವರಿಯಲ್ಲಿ ಡೆವನ್ ಮತ್ತು ಕಾರ್ನ್‌ವಾಲ್ ಪೊಲೀಸರ ಪರವಾನಗಿ ವಿಭಾಗದ ಗಂಭೀರ ವೈಫಲ್ಯವನ್ನು ಎತ್ತಿ ಹೇಳಿತು. ಡನ್‌ಬ್ಲೇನ್, ಹಾರ್ಡನ್, ಕೀಹ್ಯಾಮ್, ಮೂರರಲ್ಲೂ ಪೊಲೀಸರ ಕೈಯಲ್ಲಿ ಮಾಹಿತಿ ಇತ್ತು. ಬಂದ ಮಾಹಿತಿಯನ್ನು ಯಾರು, ಎಷ್ಟು ದಿನದಲ್ಲಿ, ಯಾವ ಮಾನದಂಡದಿಂದ ತೂಗಬೇಕು ಎಂಬ ಕಟ್ಟುನಿಟ್ಟು ಇಲ್ಲದೆ ಹೋದರೆ ಕ್ಲಬ್ಬಿನವರು ಎಷ್ಟು ಹೇಳಿದರೂ ಅದು ಹಾಳೆಯಾಗಿಯೇ ಉಳಿಯುತ್ತದೆ. ಕ್ಲಬ್ಬುಗಳಿಂದ ಧೈರ್ಯ ಬಯಸುವ ವ್ಯವಸ್ಥೆ, ತಾನು ಕೇಳಿಸಿಕೊಳ್ಳುತ್ತೇನೆಂಬ ನಂಬಿಕೆಯನ್ನೂ ಹುಟ್ಟಿಸಬೇಕು.

ನಮ್ಮಲ್ಲಿ

ಭಾರತದಲ್ಲೂ ಬಂದೂಕಿನ ಮೇಲಿನ ಹಿಡಿತ ಬಿಗಿ. ಬೆಂಗಳೂರಿನ ಬಹುತೇಕ ಶೂಟಿಂಗ್ ಅಕಾಡೆಮಿಗಳಲ್ಲಿ ನಡೆಯುವುದು ಹತ್ತು ಮೀಟರ್ ಏರ್ ರೈಫಲ್, ಏರ್ ಪಿಸ್ತೂಲಿನ ಅಭ್ಯಾಸ. ಆದರೂ ಪಾಠ ನಮಗೂ ಸಲ್ಲುತ್ತದೆ. 1959ರ ಆಯುಧ ಕಾಯ್ದೆಯ 17ನೇ ಸೆಕ್ಷನ್, ಪರವಾನಗಿ ಹೊಂದಿದವನು ಮನಸ್ಸಿನ ಸ್ಥಿಮಿತ ಕಳೆದುಕೊಂಡಿದ್ದರೆ ಅಥವಾ ಇನ್ನಾವುದೇ ಕಾರಣಕ್ಕೆ ಅನರ್ಹನಾಗಿದ್ದರೆ, ಸಾರ್ವಜನಿಕ ಶಾಂತಿ ಸುರಕ್ಷತೆಗೆ ಅಗತ್ಯವೆನಿಸಿದರೆ, ಪರವಾನಗಿಯನ್ನು ಅಮಾನತು ಮಾಡುವ ಇಲ್ಲವೇ ರದ್ದು ಮಾಡುವ ಅಧಿಕಾರವನ್ನು ಪರವಾನಗಿ ಪ್ರಾಧಿಕಾರಕ್ಕೆ ಕೊಟ್ಟಿದೆ. ಜಿಲ್ಲೆಗಳಲ್ಲಿ ಆ ಪ್ರಾಧಿಕಾರ ಜಿಲ್ಲಾಧಿಕಾರಿ, ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಆಯುಕ್ತರು. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಅಂದರೆ ನಡುವಿನ ಕತ್ತಲೆಯ ಅವಧಿ ನಮ್ಮಲ್ಲೂ ಬ್ರಿಟನ್ನಿನಷ್ಟೇ ಉದ್ದವಾಗಿದೆ.

ಕೊಡಗಿನ ಸಂಗತಿ ಬೇರೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ. ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ, ಇವು ಅಲ್ಲಿನ ಬದುಕಿನ ಭಾಗ. ನವೀಕರಣದ ನೆಪದಲ್ಲಿ ನಡೆಯುವ ತಪಾಸಣೆ ಎಲ್ಲಿ ಕಡಿಮೆಯೋ ಅಲ್ಲಿ ಕುಟುಂಬದವರ, ಊರಿನ ಹಿರಿಯರ, ಪಂದ್ಯ ನಡೆಸುವವರ ಕಣ್ಣಿಗೆ ಹೆಚ್ಚು ಕೆಲಸ. ಒಬ್ಬ ಎಡವಿದಾಗ ಸಮುದಾಯವೇ ಮುಂದಾಗಿ ಎಚ್ಚರಿಸಿದರೆ ಆ ಗೌರವದ ವಿನಾಯಿತಿಗೂ ಬಲ ಬರುತ್ತದೆ. ಅಪಾಯ ಕಣ್ಣೆದುರಿಗಿದ್ದರೆ ನಮ್ಮಲ್ಲಿ ಕರೆ ಮಾಡಬೇಕಾದದ್ದು 112ಕ್ಕೆ. ಮನಸ್ಸು ಕುಸಿದವರಿಗೆ 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಇದೆ. ಅದರ ಕೇಂದ್ರಸ್ಥಾನ ನಮ್ಮ ನಿಮ್ಹಾನ್ಸ್, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ, ಅನುಮಾನ ಹುಟ್ಟಿದ ದಿನ ದಾರಿ ಹುಡುಕುತ್ತ ಕೂತರೆ ಆಗದು. ನೀವು ಲಂಡನ್ನಿನಲ್ಲಿರಲಿ, ಮಡಿಕೇರಿಯಲ್ಲಿರಲಿ, ಬಂದೂಕು ಬಳಸುವ ಕ್ಲಬ್ಬೊಂದರ ಸದಸ್ಯರಾಗಿದ್ದರೆ ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ಯಾರಾದರೂ ಸದಸ್ಯನ ಬಗ್ಗೆ ಆತಂಕವಿದ್ದರೆ ಕ್ಲಬ್ಬಿನಲ್ಲಿ ಯಾರಿಗೆ ಹೇಳಬೇಕು? ಅವರು ಪೊಲೀಸರಲ್ಲಿ ಯಾರಿಗೆ, ಯಾವ ಸಂಖ್ಯೆಗೆ ಹೇಳುತ್ತಾರೆ? ಹೇಳಿದವರ ಹೆಸರು ಗುಟ್ಟಾಗಿ ಉಳಿಯುತ್ತದೆಯೇ? ಮೂರಕ್ಕೂ ಸ್ಪಷ್ಟ ಉತ್ತರ ಸಿಗದಿದ್ದರೆ, ಸಿಗುವವರೆಗೆ ಪ್ರತಿ ಸಭೆಯಲ್ಲೂ ಕೇಳುತ್ತಿರಿ.